ಮೂಗಿಗಿಂತ ಮೂಗುತಿ ಭಾರವಾಗದಿರಲಿ

ಮೇಪಲ್ ಎಲೆಗಳು ಕೆಂಪಾಗತೊಡಗಿದವು ಎಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. ಮಿಷಿಗನ್, ಮಿನೆಸೋಟಾ, ನ್ಯೂಯಾರ್ಕಿನ ಉತ್ತರ ಭಾಗ, ಒಂಟಾರಿಯೊ, ಹೀಗೆ ಹಿಮ ಬೀಳುವ ಊರುಗಳಿಂದ ಕನ್ನಡಿಗರು ಬರೆಯುತ್ತಾರೆ. ಪಟ್ಟಣದ ಅಪಾರ್ಟ್‌ಮೆಂಟ್ ಬಿಟ್ಟು ಊರಾಚೆ ಒಂದೆರಡು ಎಕರೆ ಜಾಗದಲ್ಲಿ ಮನೆ ಕೊಂಡವರು ಹೆಚ್ಚು. ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ನಮ್ಮ ಹತ್ತಿರ ಹಳೆಯದೊಂದು ಪಿಕಪ್ ಟ್ರಕ್ ಇದೆ. ಪಕ್ಕದೂರಿನಲ್ಲಿ ಯಾರೋ ಬಳಸಿದ ಸ್ನೋ ಪ್ಲೋ ಮಾರುತ್ತಿದ್ದಾರೆ, ಅಗ್ಗಕ್ಕೆ ಸಿಗುತ್ತಿದೆ. ತಂದು ಕೂರಿಸಬಹುದೇ?" ಜೊತೆಗೆ, ಟ್ರಕ್ಕಿನ ಮೂತಿಗೆ ಕಟ್ಟಿ ಹಿಮ ತಳ್ಳುವ ಆ ಪ್ಲೋನ ನಾಲ್ಕೈದು ಫೋಟೊ ಇರುತ್ತವೆ. ಟ್ರಕ್ಕಿನ ಫೋಟೊ ಮಾತ್ರ ಒಂದೂ ಇರುವುದಿಲ್ಲ. ಈ ವಾರ ನಾನು ಹೇಳಬೇಕಾಗಿರುವುದೆಲ್ಲ ಆ ಇಲ್ಲದ ಫೋಟೊದ ಬಗ್ಗೆ. ಪ್ಲೋ ಚೆನ್ನಾಗಿದೆಯೇ ಎಂಬುದು ಎರಡನೆಯ ಮಾತು, ಅದನ್ನು ಹೊರುವ ಶಕ್ತಿ ನಿಮ್ಮ ಗಾಡಿಯ ಮುಂಭಾಗಕ್ಕೆ ಇದೆಯೇ ಎಂಬುದೇ ಮೊದಲನೆಯದು.

ನಾನಿರುವುದು ಮಿಷಿಗನ್ ರಾಜ್ಯದ ಉತ್ತರ ತುದಿಯ ಕೀವನಾ ಪರ್ಯಾಯದ್ವೀಪದಲ್ಲಿ, ಹೋಟನ್ ಪಟ್ಟಣದ ಹತ್ತಿರ. ಇಲ್ಲಿನ ಮಿಷಿಗನ್ ಟೆಕ್ ವಿಶ್ವವಿದ್ಯಾಲಯಕ್ಕೆ ಎಂಜಿನಿಯರಿಂಗ್ ಓದಲು ಬರುವ ನಮ್ಮ ಹುಡುಗರಿಗೆ ಊರಿನ ಚಳಿಗಾಲ ಗೊತ್ತು. ಕೆನಡಾದ ಕಡೆಯಿಂದ ಬೀಸುವ ಒಣ ಚಳಿಗಾಳಿ ಸುಪೀರಿಯರ್ ಸರೋವರದ ಮೇಲೆ ಹಾಯುವಾಗ ನೀರಿನ ಬಿಸುಪನ್ನೂ ತೇವವನ್ನೂ ಹೀರಿಕೊಳ್ಳುತ್ತದೆ. ದಡದ ಗುಡ್ಡ ಏರುತ್ತಿದ್ದಂತೆ ಆ ತೇವವೆಲ್ಲ ಹಿಮವಾಗಿ ಸುರಿಯುತ್ತದೆ. ಹೋಟನ್ ಸುತ್ತಮುತ್ತ ಸಾಧಾರಣ ವರ್ಷದಲ್ಲೇ 200 ಇಂಚು ದಾಟುತ್ತದೆ, ಅಂದರೆ ಐದು ಮೀಟರಿಗೂ ಮಿಕ್ಕು. ಇನ್ನೂ ಉತ್ತರಕ್ಕೆ ಹೋದರೆ ಹೆದ್ದಾರಿ 41ರ ಬದಿಯಲ್ಲಿ ಎತ್ತರದ ಅಳತೆಕೋಲಿನಂಥ ಫಲಕವೊಂದಿದೆ. 1978–79ರ ಚಳಿಗಾಲದಲ್ಲಿ ಕೀವನಾ ಕೌಂಟಿಯಲ್ಲಿ ಬಿದ್ದ 390.4 ಇಂಚಿನ ದಾಖಲೆಯನ್ನು ಅದು ತೋರಿಸುತ್ತದೆ. ಇಂಥ ಕಡೆ ಮನೆಯ ದಾರಿ ತೆರವು ಮಾಡುವುದು ಹವ್ಯಾಸವಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವುದಕ್ಕೂ ರಾತ್ರಿ ಆಂಬುಲೆನ್ಸ್ ಬಾಗಿಲಿಗೆ ಬರುವುದಕ್ಕೂ ಅದೇ ಆಧಾರ.

ಸಲಿಕೆಯಿಂದ ಯಾಕಾಗದು ಎಂದು ಕರ್ನಾಟಕದಲ್ಲಿರುವ ಓದುಗರು ಕೇಳುವುದುಂಟು. ಲೆಕ್ಕ ಹಾಕಿ ನೋಡಿ. ರಸ್ತೆಯಿಂದ ಗ್ಯಾರೇಜಿನವರೆಗೆ 30 ಮೀಟರ್ ಉದ್ದ, 5 ಮೀಟರ್ ಅಗಲದ ದಾರಿ. ಒಂದು ರಾತ್ರಿಯಲ್ಲಿ 30 ಸೆಂಟಿಮೀಟರ್ ಹಿಮ. ಒಟ್ಟು 45 ಘನ ಮೀಟರ್ ಆಯಿತು. ಹೊಸ ಹಿಮ ಘನ ಮೀಟರಿಗೆ 100 ಕಿಲೋ ಎಂದಿಟ್ಟುಕೊಂಡರೂ ನಾಲ್ಕೂವರೆ ಟನ್. ಒದ್ದೆ ಹಿಮವಾದರೆ ಅದರ ದುಪ್ಪಟ್ಟು. ಇದರ ಮೇಲೆ ಕೌಂಟಿಯ ದೊಡ್ಡ ಪ್ಲೋ ಮುಖ್ಯರಸ್ತೆ ಸವರಿಕೊಂಡು ಹೋಗುವಾಗ ನಿಮ್ಮ ದಾರಿಯ ಬಾಯಿಗೆ ಒಡ್ಡೊಂದನ್ನು ಕಟ್ಟಿಯೇ ಹೋಗುತ್ತದೆ. ಆ ಒಡ್ಡಿನ ಹಿಮ ಒತ್ತಿಕೊಂಡು ಗಟ್ಟಿಯಾಗಿರುತ್ತದೆ, ಸಲಿಕೆ ಇಳಿಯುವುದೇ ಕಷ್ಟ. ಕೊರೆಯುವ ಚಳಿಯಲ್ಲಿ ಇಂಥ ಹಿಮ ಎತ್ತುವುದು ಹೃದಯಕ್ಕೆ ಎಷ್ಟು ಅಪಾಯವೆಂದು ವೈದ್ಯರು ಪ್ರತಿ ಚಳಿಗಾಲದಲ್ಲೂ ಎಚ್ಚರಿಸುತ್ತಾರೆ. ಹೊಸ ಪ್ಲೋ ತಂದು ಕೂರಿಸಿಕೊಳ್ಳಬೇಕೆಂದರೆ ಹಲವು ಸಾವಿರ ಡಾಲರ್ ಕೈಬಿಟ್ಟು ಹೋಗುತ್ತದೆ. ಆದ್ದರಿಂದ ಹಳೆಯ ಗಾಡಿ, ಹಳೆಯ ಪ್ಲೋ ಎಂಬ ಆಲೋಚನೆ ಸಹಜ, ಮತ್ತು ನನ್ನ ಮಟ್ಟಿಗೆ ಸರಿಯಾದದ್ದೇ. ನಾನೂ 1996ರ ಮುಕ್ಕಾಲು ಟನ್ ವರ್ಗದ ಷೆವರ್ಲೆ ಟ್ರಕ್ಕಿಗೆ ಏಳೂವರೆ ಅಡಿಯ ಹಳೆಯ ಪ್ಲೋ ಕಟ್ಟಿಕೊಂಡೇ ನಮ್ಮ ದಾರಿಯನ್ನೂ ಅಕ್ಕಪಕ್ಕದ ಹಿರಿಯರ ದಾರಿಯನ್ನೂ ಬಿಡಿಸುತ್ತೇನೆ.

ಈಗ ಭಾರದ ವಿಷಯ. ಏಳೂವರೆ ಅಡಿಯ ಉಕ್ಕಿನ ಪ್ಲೋ, ಅದರ ಚೌಕಟ್ಟು, ಪಂಪು, ದೀಪ ಎಲ್ಲ ಸೇರಿ ಸುಮಾರು 320 ಕಿಲೋ ತೂಗುತ್ತದೆ. "ಹಿಂದಿನ ಪೆಟ್ಟಿಗೆಯಲ್ಲಿ ಅರ್ಧ ಟನ್ ಸಿಮೆಂಟ್ ಹೇರುತ್ತೇವಲ್ಲ, ಇದೇನು ಮಹಾ" ಎಂದು ಹೇಳುವವರಿದ್ದಾರೆ. ವ್ಯತ್ಯಾಸ ತೂಕದಲ್ಲಿಲ್ಲ, ತೂಕ ಕೂರುವ ಜಾಗದಲ್ಲಿದೆ. ಸಿಮೆಂಟು ಹಿಂದಿನ ಚಕ್ರಗಳ ಮೇಲೆ, ತುಸು ಮುಂದಕ್ಕೆ ಕೂರುತ್ತದೆ. ಪ್ಲೋ ಮುಂದಿನ ಚಕ್ರಗಳಿಗಿಂತಲೂ ಮುಂದೆ, ಗಾಳಿಯಲ್ಲಿ ತೂಗಾಡುತ್ತದೆ. ಮುಂದಿನ ಆಕ್ಸಲ್ಲೇ ಇಲ್ಲಿ ಸನ್ನೆಯ ಆನಿಕೆ. ಎರಡು ಆಕ್ಸಲ್‌ಗಳ ನಡುವೆ 3.35 ಮೀಟರ್ ಇರುವ ಗಾಡಿಯಲ್ಲಿ ಪ್ಲೋನ ಭಾರಕೇಂದ್ರ ಮುಂದಿನ ಆಕ್ಸಲ್‌ಗಿಂತ 1.2 ಮೀಟರ್ ಮುಂದಿದೆ ಎಂದುಕೊಳ್ಳಿ. ಬ್ಲೇಡ್ ಎತ್ತಿದಾಗ ಮುಂದಿನ ಆಕ್ಸಲ್ ಮೇಲೆ ಬೀಳುವುದು 320 ಕಿಲೋ ಅಲ್ಲ, 435 ಕಿಲೋ. ಆ ಹೆಚ್ಚಿನ 115 ಕಿಲೋ ಎಲ್ಲಿಂದ ಬಂತು? ಹಿಂದಿನ ಚಕ್ರಗಳಿಂದ. ಮುಂದೆ ಕುಸಿದಷ್ಟೂ ಹಿಂದೆ ಹಗುರಾಗುತ್ತದೆ. ಮಂಜುಗಟ್ಟಿದ ದಾರಿಯಲ್ಲಿ ಹಿಂದಿನ ಚಕ್ರಕ್ಕೆ ಹಿಡಿತ ತಪ್ಪುವುದು, ಬ್ರೇಕ್ ಒತ್ತಿದಾಗ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುವುದು ಇದರಿಂದಲೇ.

ಈ 435 ಕಿಲೋಗೆ ಜಾಗವಿದೆಯೇ ಎಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಇಡೀ ಗಾಡಿಯ ತೂಕದ ಮಿತಿ, ಮುಂದಿನ ಆಕ್ಸಲ್ ಮಿತಿ, ಹಿಂದಿನ ಆಕ್ಸಲ್ ಮಿತಿ ಮೂರೂ ಅದರಲ್ಲಿರುತ್ತವೆ. ನಮಗೆ ಬೇಕಾದದ್ದು ಮುಂದಿನ ಆಕ್ಸಲ್ಲಿನದು. ಅದನ್ನು ಬರೆದುಕೊಂಡು ಹತ್ತಿರದ ವೇಬ್ರಿಡ್ಜಿಗೆ ಹೋಗಿ. ಹೆದ್ದಾರಿಯ ದೊಡ್ಡ ಟ್ರಕ್ ತಂಗುದಾಣಗಳಲ್ಲಿ, ಜಲ್ಲಿ ಮಾರುವಲ್ಲಿ, ಧಾನ್ಯದ ಗೋದಾಮಿನಲ್ಲಿ ಸಿಗುತ್ತದೆ. ಟ್ಯಾಂಕ್ ತುಂಬಿರಲಿ, ನೀವು ಸೀಟಿನಲ್ಲೇ ಕೂತಿರಿ, ಮುಂದಿನ ಚಕ್ರಗಳನ್ನು ಮಾತ್ರ ತೂಗಿಸಿ. ಮಿತಿ 1,900 ಕಿಲೋ ಇದ್ದು ತೂಕ 1,400 ಬಂದರೆ 500 ಕಿಲೋ ಉಳಿಯಿತು. ಏಳೂವರೆ ಅಡಿ ಪ್ಲೋ ಹಿಡಿಸುತ್ತದೆ, ಪಕ್ಕದಲ್ಲೊಬ್ಬರನ್ನು ಕೂರಿಸಿಕೊಳ್ಳಲೂ ಸ್ವಲ್ಪ ಉಳಿಯುತ್ತದೆ. ಮಿತಿ 1,600 ಇದ್ದು ಗಾಡಿ ಆಗಲೇ 1,350 ತೂಗಿದರೆ ಉಳಿದದ್ದು 250. ಅಂಥ ಗಾಡಿಗೆ ಆ ಪ್ಲೋ ಪುಕ್ಕಟೆ ಸಿಕ್ಕರೂ ಬೇಡ. ಮೂಗಿಗಿಂತ ಮೂಗುತಿ ಭಾರವಾದರೆ ಹರಿಯುವುದು ಮೂಗೇ. ಇಲ್ಲಿ ಹರಿಯುವುದು ಬಾಲ್ ಜಾಯಿಂಟ್, ವೀಲ್ ಬೇರಿಂಗ್, ಸ್ಟಿಯರಿಂಗಿನ ಕೊಂಡಿಗಳು. ಅವು ಗ್ಯಾರೇಜಿನಲ್ಲಿ ನಿಂತಾಗ ಮುರಿಯುವುದಿಲ್ಲ, ಹಳ್ಳ ಹಾರಿಸಿದಾಗ ಮುರಿಯುತ್ತವೆ.

ಹಳೆಯ ಗಾಡಿಗಳಲ್ಲಿ ಮುಂಭಾಗದ ರಚನೆಯೂ ಒಂದೇ ತೆರನಲ್ಲ. 1988ರಿಂದ 1998ರವರೆಗಿನ ಷೆವರ್ಲೆ, ಜಿಎಂಸಿ ನಾಲ್ಕು ಚಕ್ರ ಚಾಲನೆಯ ಟ್ರಕ್ಕುಗಳಲ್ಲಿ ಮುಂದಿನ ಎರಡು ಚಕ್ರಗಳು ಬಿಡಿಬಿಡಿಯಾಗಿ ಆಡುತ್ತವೆ, ಭಾರವನ್ನು ಟಾರ್ಷನ್ ಬಾರ್ ಎಂಬ ತಿರುಚುವ ಉಕ್ಕಿನ ಸಲಾಕೆಗಳು ಹೊರುತ್ತವೆ. 1997ರವರೆಗಿನ ಫೋರ್ಡ್ ಎಫ್-250ಯಲ್ಲಿ ಆಕ್ಸಲ್ಲೇ ಎರಡು ತುಂಡು. 1999ರಿಂದ ಬಂದ ಫೋರ್ಡ್ ಸೂಪರ್ ಡ್ಯೂಟಿ, 1994ರಿಂದೀಚಿನ ಡಾಡ್ಜ್ ರ‍್ಯಾಮ್ 2500, ಇವುಗಳ ನಾಲ್ಕು ಚಕ್ರ ಚಾಲನೆಯ ಗಾಡಿಗಳಲ್ಲಿ ಮುಂದೆ ಒಂದೇ ಅಖಂಡ ಆಕ್ಸಲ್. ಪ್ಲೋ ಕೆಲಸ ಮಾಡುವವರು ಅಖಂಡ ಆಕ್ಸಲ್ಲನ್ನೇ ಹುಡುಕುತ್ತಾರೆ, ಅದಕ್ಕೆ ಕಾರಣವೂ ಇದೆ. ಆದರೆ ಟಾರ್ಷನ್ ಬಾರ್ ಗಾಡಿಯನ್ನು ತಳ್ಳಿಹಾಕಬೇಕಿಲ್ಲ. ಕಾರ್ಖಾನೆಯಿಂದಲೇ ಪ್ಲೋಗೆಂದು ಸಜ್ಜಾಗಿ ಬಂದ ಗಾಡಿಗಳಿವೆ. ಜನರಲ್ ಮೋಟಾರ್ಸ್ ಟ್ರಕ್ಕಿನ ಗ್ಲೋವ್ ಬಾಕ್ಸಿನೊಳಗಿನ ಆಯ್ಕೆಗಳ ಚೀಟಿಯಲ್ಲಿ 'ವಿವೈಯು' ಎಂಬ ಸಂಕೇತವಿದ್ದರೆ ಅದು ಅಂಥದ್ದು. ಒಂದು ಕಿವಿಮಾತು ಮಾತ್ರ ಹೇಳಲೇಬೇಕು: ಟಾರ್ಷನ್ ಬಾರಿನ ಬೋಲ್ಟ್ ತಿರುಗಿಸಿ ಮೂತಿ ಎತ್ತಿಸಿಕೊಂಡರೆ, ಹೆಚ್ಚುವರಿ ರಬ್ಬರ್ ಸ್ಪ್ರಿಂಗ್ ಹಾಕಿಸಿಕೊಂಡರೆ ಗಾಡಿ ಕುಸಿಯದಂತೆ ಕಾಣುತ್ತದೆ. ಆದರೆ ಬಾಗಿಲಿನ ಚೀಟಿಯ ಮೇಲಿನ ಸಂಖ್ಯೆ ಒಂದು ಕಿಲೋ ಕೂಡ ಬದಲಾಗುವುದಿಲ್ಲ.

ಹಿಂದಿನ ಚಕ್ರಗಳಿಂದ ಕಸಿದ ಭಾರವನ್ನು ಹಿಂದಿರುಗಿಸುವುದು ಸುಲಭ, ಆದರೂ ಬಹಳ ಮಂದಿ ಮಾಡುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 60 ಪೌಂಡಿನ ಉದ್ದನೆಯ ಮರಳಿನ ಚೀಲಗಳು ಸಿಗುತ್ತವೆ. ಏಳೆಂಟು ತಂದರೆ 200 ಕಿಲೋ. ಅವನ್ನು ಹಿಂದಿನ ಆಕ್ಸಲ್ಲಿಗಿಂತ ಹಿಂದೆ, ಬಾಗಿಲಿಗೆ ಒತ್ತಿಕೊಂಡು ಇಡಬೇಕು. 60 ಸೆಂಟಿಮೀಟರ್ ಹಿಂದಿಟ್ಟರೆ ಹಿಂದಿನ ಆಕ್ಸಲ್‌ಗೆ 236 ಕಿಲೋ ಸೇರುತ್ತದೆ, ಮುಂದಿನದರ ಮೇಲಿಂದ 36 ಕಿಲೋ ಇಳಿಯುತ್ತದೆ. ಕ್ಯಾಬಿನ್ನಿಗೆ ಒತ್ತಿಟ್ಟರೆ ಈ ಲಾಭ ಸಿಗದು. ಮರದ ಚೌಕಟ್ಟು ಮಾಡಿ ಬಿಗಿದು ಕಟ್ಟಿ, ಬ್ರೇಕ್ ಒತ್ತಿದಾಗ ಚೀಲಗಳು ಮುಂದಕ್ಕೆ ನುಗ್ಗಬಾರದು. ದಾರಿಯಲ್ಲಿ ಸಿಕ್ಕಿಕೊಂಡ ದಿನ ಅದೇ ಮರಳು ಚಕ್ರದಡಿಗೆ ಸುರಿಯಲೂ ಆಯಿತು.

ತೂಕದ ಪರೀಕ್ಷೆಯಲ್ಲಿ ಗಾಡಿ ಗೆದ್ದರೆ ಮುಂದಿನದು ತುಕ್ಕಿನ ಪರೀಕ್ಷೆ. ಮಹಾಸರೋವರಗಳ ಸೀಮೆಯಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಇಪ್ಪತ್ತು ವರ್ಷ ದಾಟಿದ ಗಾಡಿಯ ಮೈಬಣ್ಣ ನೋಡಿ ಏನನ್ನೂ ಹೇಳಲಾಗದು. ಗೆಳೆಯರ ಗಾಡಿ ನೋಡಲು ಹೋದರೆ ನಾನು ಟಾರ್ಚು, ಸಣ್ಣ ಸುತ್ತಿಗೆ, ಹಳೆಯ ಕಂಬಳಿ ಹಿಡಿದುಕೊಂಡು ಅಡಿಗೆ ನುಸುಳುತ್ತೇನೆ. ಮುಂದಿನ ಬಂಪರಿನಿಂದ ಚಕ್ರದ ಹಿಂದಿನವರೆಗಿನ ಚಾಸಿಯೇ ಇಡೀ ಹೊಡೆತ ತಿನ್ನುವ ಭಾಗ. ಅದನ್ನು ಉದ್ದಕ್ಕೂ ತಟ್ಟುತ್ತಾ ಹೋಗಬೇಕು. ಗಟ್ಟಿ ಉಕ್ಕು ಕಣ್ ಎಂದು ಸದ್ದು ಕೊಡುತ್ತದೆ. ಹುಳುಕು ಬಂದ ಕಡೆ ದಪ್ ಎನ್ನುತ್ತದೆ, ಪದರ ಪದರ ಉದುರುತ್ತದೆ. ಸ್ಟಿಯರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಜಾಗದಲ್ಲಿ ಬಿರುಕಿದೆಯೇ ಎಂದು ವಿಶೇಷವಾಗಿ ನೋಡಬೇಕು. ಬ್ರೇಕ್ ಪೈಪುಗಳನ್ನು ಹಿಂದಿನವರೆಗೂ ಹಿಂಬಾಲಿಸಬೇಕು. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟಿನ ಸಡಿಲು ಕೈಗೇ ತಿಳಿಯುತ್ತದೆ. ಬಾಲ್ ಜಾಯಿಂಟ್ ಬದಲಿಸಬಹುದು, ಪೈಪು ಬದಲಿಸಬಹುದು. ಮುಂದಿನ ಚಾಸಿ ಹುಳುಕಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಗಾಡಿ ಇಷ್ಟೂ ದಾಟಿದ ಮೇಲೆ ಪ್ಲೋ ಕಡೆಗೆ ತಿರುಗೋಣ. ಹೆಚ್ಚಿನವರು ಪ್ಲೋ ಎಂದರೆ ಆ ದೊಡ್ಡ ಬ್ಲೇಡ್ ಎಂದುಕೊಂಡಿರುತ್ತಾರೆ. ನಿಜಕ್ಕೂ ಅದು ನಾಲ್ಕು ಭಾಗಗಳ ಕೂಟ: ಬ್ಲೇಡ್ ಮತ್ತು ಅದರ ಹಿಂದಿನ ತ್ರಿಕೋನಾಕಾರದ ಎ-ಫ್ರೇಮ್, ಎತ್ತಿ ತಿರುಗಿಸುವ ಹೈಡ್ರಾಲಿಕ್ಸ್, ಗಾಡಿಯ ಚಾಸಿಗೆ ಬೋಲ್ಟ್ ಆಗುವ ಮೌಂಟ್, ಮತ್ತು ವೈರಿಂಗ್ ಹಾಗೂ ಕ್ಯಾಬಿನ್ನಿನ ಕಂಟ್ರೋಲರ್. ಮೊದಲೆರಡು ಯಾವ ಗಾಡಿಯಿಂದ ಯಾವ ಗಾಡಿಗಾದರೂ ಹೋಗಬಲ್ಲವು. ಕೊನೆಯ ಎರಡು ಹಾಗಲ್ಲ. ಮೌಂಟ್ ಎಂಬುದು ಪ್ಲೋ ಕಂಪನಿಗೂ ಗಾಡಿಯ ಮಾಡೆಲ್ ವರ್ಷಕ್ಕೂ ಎರಡಕ್ಕೂ ಒಪ್ಪಬೇಕು. ಕ್ಲೀವ್‌ಲ್ಯಾಂಡಿನ ಮೇಯರ್, ಮಿಲ್ವಾಕಿಯ ವೆಸ್ಟರ್ನ್, ಮೇಯ್ನ್ ರಾಜ್ಯದ ರಾಕ್‌ಲ್ಯಾಂಡಿನ ಫಿಷರ್, ನಮ್ಮ ಸೀಮೆಯ ಐರನ್ ಮೌಂಟನ್ನಿನ ಬಾಸ್, ಒಬ್ಬರ ಪ್ಲೋ ಇನ್ನೊಬ್ಬರ ಮೌಂಟಿಗೆ ಕೂರುವುದಿಲ್ಲ. ಒಂದೇ ಕಂಪನಿಯಲ್ಲೂ ತಲೆಮಾರುಗಳಿವೆ. ವೆಸ್ಟರ್ನ್‌ನವರ ಹಳೆಯ ಕನ್ವೆನ್ಷನಲ್, ಆಮೇಲಿನ ಯೂನಿಮೌಂಟ್, ಅದರ ನಂತರದ ಅಲ್ಟ್ರಾಮೌಂಟ್ ಮೂರೂ ಬೇರೆ ಬೇರೆ.

ಆದ್ದರಿಂದ ಬಳಸಿದ ಪ್ಲೋಗಳಲ್ಲಿ ಅಗ್ಗದ್ದು ಬ್ಲೇಡ್, ದುಬಾರಿಯಾದದ್ದು ಹೊಂದಾಣಿಕೆ. ನಾಲ್ಕು ನೂರು ಡಾಲರಿಗೆ ಬ್ಲೇಡ್ ತಂದವರು ಮೌಂಟ್, ವೈರಿಂಗ್, ಕಂಟ್ರೋಲರ್ ಬಿಡಿಬಿಡಿಯಾಗಿ ಹುಡುಕಿ ಅದರ ಮೂರು ಪಟ್ಟು ಸುರಿಯಬೇಕಾಗಿ ಬರುವುದು ತೀರ ಸಾಮಾನ್ಯ. ನನ್ನ ಸಲಹೆ ಸರಳ: ನಿಮ್ಮದೇ ಮಾಡೆಲ್ಲಿನ, ನಿಮ್ಮದೇ ಕಾಲದ ಗಾಡಿಯ ಮೇಲೆ ಇನ್ನೂ ಕೂತಿರುವ ಪ್ಲೋ ಹುಡುಕಿ. ಆ ಗಾಡಿ ತುಕ್ಕು ತಿಂದು ಗುಜರಿಗೆ ಹೊರಟಿದ್ದರೆ ಇನ್ನೂ ಒಳ್ಳೆಯದು. ಮೌಂಟ್, ತಂತಿ, ಸ್ವಿಚ್, ಬೋಲ್ಟ್ ಸಮೇತ ನೀವೇ ಬಿಚ್ಚಿಕೊಂಡು ತಂದರೆ ಎಲ್ಲೆಲ್ಲಿ ಏನೇನು ಕೂರುತ್ತದೆಂಬ ಪಾಠವೂ ಆಯಿತು. ಮೌಂಟ್ ಸಿಗಲಿಲ್ಲವೆಂದು ಮನೆಯಲ್ಲೇ ಉಕ್ಕಿನ ಪಟ್ಟಿ ಕತ್ತರಿಸಿ ಚಾಸಿಗೆ ವೆಲ್ಡ್ ಮಾಡುವವರಿಗೆ ನಾನು ಗಟ್ಟಿಯಾಗಿ ಬೇಡ ಎನ್ನುತ್ತೇನೆ. ವೆಲ್ಡಿಂಗ್ ಕಾವಿಗೆ ಚಾಸಿಯ ಉಕ್ಕು ದುರ್ಬಲವಾಗುತ್ತದೆ. ಏರ್‌ಬ್ಯಾಗ್ ಇರುವ ಗಾಡಿಗಳಲ್ಲಂತೂ ಮುಂಭಾಗ ಡಿಕ್ಕಿಯಲ್ಲಿ ಹೇಗೆ ಮಡಚಬೇಕೆಂಬ ಲೆಕ್ಕಾಚಾರವನ್ನೇ ಮನೆಯ ಮೌಂಟ್ ಕೆಡಿಸುತ್ತದೆ.

ಕೊಳ್ಳುವ ಮುನ್ನ ಹೈಡ್ರಾಲಿಕ್ಸನ್ನು ನಡೆಸಿ ನೋಡಬೇಕು, ನಡೆಯುತ್ತದೆ ಎಂಬ ಮಾತು ಸಾಲದು. ಬ್ಯಾಟರಿ, ವಿದ್ಯುತ್ ಮೋಟರು, ಸಣ್ಣ ಪಂಪು, ಕವಾಟಗಳು. ತೈಲದ ಒತ್ತಡಕ್ಕೆ ಚಾಚುವ ಒಂದು ರ‍್ಯಾಮ್ ಬ್ಲೇಡನ್ನು ಎತ್ತುತ್ತದೆ, ಎರಡು ರ‍್ಯಾಮ್‌ಗಳು ಎಡಕ್ಕೂ ಬಲಕ್ಕೂ ತಿರುಗಿಸುತ್ತವೆ. ಸಾಮಾನ್ಯ ನೇರ ಬ್ಲೇಡ್ ಇಳಿಯುವುದು ತನ್ನ ಭಾರದಿಂದಲೇ. ಬ್ಲೇಡ್ ಎತ್ತಿಸಿ, ನೆಲದಿಂದ ಎಷ್ಟು ಎತ್ತರವಿದೆಯೆಂದು ಅಳೆದು, ಮಾರುವವರ ಜೊತೆ ಹತ್ತು ನಿಮಿಷ ಮಾತಾಡಿ ಮತ್ತೆ ಅಳೆಯಿರಿ. ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಒಳಗೆಲ್ಲೋ ಸೋರಿಕೆ. ಬ್ಲೇಡಿನ ಒಂದು ತುದಿಗೆ ಭುಜ ಕೊಟ್ಟು ತಳ್ಳಿ, ಬಗ್ಗಿದರೆ ತಿರುಗಿಸುವ ರ‍್ಯಾಮ್‌ನ ಸೀಲ್ ಹೋಗಿದೆ. ತೈಲದ ಮುಚ್ಚಳ ಬಿಚ್ಚಿ ನೋಡಿ, ಹಾಲಿನಂತೆ ಬಿಳಿಚಿದ್ದರೆ ನೀರು ಸೇರಿದೆ. ಆ ನೀರು ಮೈನಸ್ ಇಪ್ಪತ್ತರಲ್ಲಿ ಹೆಪ್ಪುಗಟ್ಟಿ ಕವಾಟವನ್ನೇ ಕಚ್ಚಿಬಿಡುತ್ತದೆ. ಎಂಜಿನ್ ಆಯಿಲ್ ಇಲ್ಲಿ ನಡೆಯದು. ಕಡುಚಳಿಯಲ್ಲೂ ತೆಳುವಾಗಿರುವ, ಆಯಾ ಪಂಪಿಗೆ ಹೇಳಿದ ತೈಲವನ್ನೇ ಹಾಕಿ ವರ್ಷಕ್ಕೊಮ್ಮೆ ಬದಲಿಸಬೇಕು. ಇವೆಲ್ಲ ಭಯಪಡುವ ದೋಷಗಳಲ್ಲ, ಬೆಲೆ ಇಳಿಸಲು ಕಾರಣಗಳು. ಮೇಯರ್ ಇ-47ನಂಥ ಹಳೆಯ ಪಂಪುಗಳಿಗೆ ಇಂದಿಗೂ ಸೀಲ್ ಕಿಟ್ ಸಿಗುತ್ತದೆ, ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ಜೋಡಿಸುವವರಿದ್ದಾರೆ. ಹಳೆಯ ಪ್ಲೋಗಳ ಮೇಲೆ ನನಗಿರುವ ಪ್ರೀತಿಗೆ ಕಾರಣವೇ ಇದು: ಕೆಟ್ಟ ಭಾಗವನ್ನು ಕೈಯಲ್ಲಿ ಹಿಡಿದು ನೋಡಬಹುದು, ತಿಳಿದುಕೊಳ್ಳಬಹುದು, ರಿಪೇರಿ ಮಾಡಬಹುದು.

ಬ್ಲೇಡಿನಲ್ಲಿ ನೋಡಬೇಕಾದದ್ದು ಬಣ್ಣವಲ್ಲ, ಬೆಸುಗೆ. ಎ-ಫ್ರೇಮಿನ ಮೂಲೆಗಳಲ್ಲಿ, ಬ್ಲೇಡಿನ ಹಿಂದಿನ ಪಕ್ಕೆಲುಬುಗಳಲ್ಲಿ ಕೂದಲೆಳೆಯ ಬಿರುಕು ಇದೆಯೇ ಹುಡುಕಿ. ಪಿನ್ ಕೂರುವ ತೂತುಗಳು ದುಂಡಗಿರಬೇಕು, ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಬ್ಲೇಡ್ ಸದಾ ಲಟಪಟ ಎನ್ನುತ್ತದೆ. ಹಿಮದಡಿ ಕಲ್ಲೋ ಕಾಂಕ್ರೀಟಿನ ಅಂಚೋ ತಗುಲಿದಾಗ ಬ್ಲೇಡ್ ಮಣಿಯಲೆಂದು ದೊಡ್ಡ ಸ್ಪ್ರಿಂಗುಗಳಿರುತ್ತವೆ. ವೆಸ್ಟರ್ನ್, ಮೇಯರ್ ಪ್ಲೋಗಳಲ್ಲಿ ಸಾಮಾನ್ಯವಾಗಿ ಇಡೀ ಬ್ಲೇಡ್ ಮುಂದಕ್ಕೆ ಬಾಗುತ್ತದೆ. ಫಿಷರ್‌ನಲ್ಲಿ ಕೆಳಗಿನ ಅಂಚು ಮಾತ್ರ ಮಡಚುತ್ತದೆ. ಯಾವುದಾದರೂ ಸರಿ, ಸ್ಪ್ರಿಂಗ್ ಬಿಗಿಯಾಗಿರಬೇಕು, ಮುರಿದಿರಬಾರದು. ಕೆಳಗಿನ ಸವೆಯುವ ಉಕ್ಕಿನ ಪಟ್ಟಿಯನ್ನು ಬದಲಿಸಬಹುದು, ಆದರೆ ಅದನ್ನು ಬದಲಿಸದೆ ಬಿಟ್ಟು ಬ್ಲೇಡೇ ಸವೆದಿದ್ದರೆ ಕೊಳ್ಳಬೇಡಿ. ಅಗಲದ ಬಗ್ಗೆಯೂ ಒಂದು ಮಾತು. ಏಳೂವರೆ ಅಡಿಯ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ಬಿಡಿಸುವ ದಾರಿ ಆರೂವರೆ ಅಡಿಗೆ ಇಳಿಯುತ್ತದೆ. ದೊಡ್ಡ ಪಿಕಪ್ಪಿನ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಅದಕ್ಕಿಂತ ಕಿರಿದಾದರೆ ನೀವೇ ಬಿಡಿಸದ ಹಿಮವನ್ನು ನಿಮ್ಮ ಚಕ್ರವೇ ತುಳಿದು ಗಟ್ಟಿ ಮಾಡುತ್ತದೆ.

ವಿದ್ಯುತ್ತಿನ ಕೆಲಸದಲ್ಲಿ ಜಿಪುಣತನ ಬೇಡ. ಪಂಪಿನ ಮೋಟರು ಭಾರ ಎತ್ತುವ ಆ ಕ್ಷಣಗಳಲ್ಲಿ ನೂರೈವತ್ತು ಇನ್ನೂರು ಆಂಪಿಯರ್ ಎಳೆಯಬಲ್ಲದು, ಸ್ಟಾರ್ಟರ್ ಮೋಟರಿನ ಹಾಗೆ. ಕಂಪನಿಗಳ ಹಳೆಯ ಕೈಪಿಡಿಗಳು ಕನಿಷ್ಠ 60 ಆಂಪಿಯರ್ ಆಲ್ಟರ್ನೇಟರ್, 550 ಆಂಪಿಯರ್ ಚಳಿ ಸಾಮರ್ಥ್ಯದ ಬ್ಯಾಟರಿ ಎನ್ನುತ್ತವೆ. ಹೀಟರ್, ವೈಪರ್, ದೀಪ ಎಲ್ಲ ಒಟ್ಟಿಗೆ ಓಡುವ ರಾತ್ರಿಗಳಿಗೆ ನೂರರ ಮೇಲಿನ ಆಲ್ಟರ್ನೇಟರ್ ಇರಲಿ ಎನ್ನುತ್ತೇನೆ ನಾನು. ಬ್ಯಾಟರಿಯಿಂದ ಸೊಲೆನಾಯ್ಡಿಗೆ, ಅಲ್ಲಿಂದ ಮೋಟರಿಗೆ ದಪ್ಪ ಕೇಬಲ್ ಹೋಗಬೇಕು. ಅರ್ತ್ ತಂತಿಯನ್ನು ತುಕ್ಕು ಹಿಡಿದ ಚಾಸಿಗೆ ತಗುಲಿಸದೆ ನೇರ ಬ್ಯಾಟರಿಯ ಋಣ ತುದಿಗೇ ತರಬೇಕು. ಹಳೆಯ ಪ್ಲೋ ನಿಧಾನವಾಗಿ ಏಳುತ್ತದೆ, ನಡುವೆ ನಿಲ್ಲುತ್ತದೆ ಎಂಬ ದೂರುಗಳಲ್ಲಿ ಬಹುಪಾಲಿನ ಬೇರು ಪಂಪಿನಲ್ಲಿರುವುದಿಲ್ಲ, ಹಸಿರುಗಟ್ಟಿದ ತಾಮ್ರದ ತುದಿಗಳಲ್ಲಿರುತ್ತದೆ. ಎತ್ತಿದ ಬ್ಲೇಡ್ ಗಾಡಿಯ ಹೆಡ್‌ಲೈಟನ್ನು ಮರೆಮಾಡುವುದರಿಂದ ಪ್ಲೋ ಮೇಲಿನ ದೀಪಗಳು, ಅವುಗಳ ಇಂಡಿಕೇಟರ್ ಸಮೇತ, ಕೆಲಸ ಮಾಡಲೇಬೇಕು. ಅವನ್ನು ರಿಲೇ ಮೂಲಕ ಜೋಡಿಸಬೇಕು. ಹಳೆಯ ಗಾಡಿಯ ಹೆಡ್‌ಲೈಟ್ ಸ್ವಿಚ್ಚಿಗೆ ನೇರ ಹೊರೆ ಹಾಕಿದರೆ ಅದು ಸುಡುತ್ತದೆ.

ಕೂರಿಸಿದ ಮೇಲೆ ಒಂದು ಹೊಂದಾಣಿಕೆ ಉಳಿಯುತ್ತದೆ. ಸಮನೆಲದಲ್ಲಿ ಬ್ಲೇಡ್ ಇಳಿಸಿ ಪಕ್ಕದಿಂದ ನೋಡಿದಾಗ ಎ-ಫ್ರೇಮ್ ನೆಲಕ್ಕೆ ಸಮಾನಾಂತರವಾಗಿರಬೇಕು, ಎಷ್ಟು ಎತ್ತರದಲ್ಲಿ ಎಂಬುದನ್ನು ಕೈಪಿಡಿ ಹೇಳುತ್ತದೆ. ಮೌಂಟ್ ಎತ್ತರವಾದರೆ ಬ್ಲೇಡನ್ನು ಓರೆ ಮಾಡಿದಾಗ ಒಂದು ಮೂಲೆ ನೆಲ ಅಗೆದು ಇನ್ನೊಂದು ಮೂಲೆ ಮೇಲೇಳುತ್ತದೆ. ಜಲ್ಲಿ ದಾರಿಯವರು ಬ್ಲೇಡಿನ ಅಡಿಯ ಶೂಗಳನ್ನು ತುಸು ಇಳಿಸಿ, ಮೊದಲ ಹಿಮ ಗಟ್ಟಿಯಾಗಿ ಕೂರುವವರೆಗೆ ಸ್ವಲ್ಪ ಹಿಮ ಬಿಟ್ಟೇ ಸವರಬೇಕು. ಇಲ್ಲದಿದ್ದರೆ ವಸಂತದಲ್ಲಿ ಹುಲ್ಲಿನಿಂದ ಜಲ್ಲಿ ಆರಿಸುವ ಕೆಲಸ. ಕಂಟ್ರೋಲರನ್ನು ಫ್ಲೋಟ್‌ನಲ್ಲಿಟ್ಟೇ ಹಿಮ ಸವರಿ, ಆಗ ಬ್ಲೇಡ್ ನೆಲದ ಏರಿಳಿತವನ್ನು ತಾನೇ ಹಿಂಬಾಲಿಸುತ್ತದೆ.

ನಡೆಸುವಾಗ ನೆನಪಿಡಬೇಕಾದದ್ದು ನಿಧಾನ. ಸವರುವಾಗ ಗಂಟೆಗೆ 10 ಮೈಲಿ, ಪ್ಲೋ ಹೊತ್ತು ರಸ್ತೆಯಲ್ಲಿ ಹೋಗುವಾಗ 45 ಮೈಲಿ ಮೀರಬೇಡಿ ಎಂದು ತಯಾರಕರೇ ಬರೆಯುತ್ತಾರೆ. ರಸ್ತೆಯಲ್ಲಿ ಬ್ಲೇಡನ್ನು ಪೂರ್ತಿ ಎತ್ತಿ ನೇರ ಹಿಡಿದರೆ ರೇಡಿಯೇಟರಿಗೆ ಗಾಳಿ ಹೋಗದೆ ಎಂಜಿನ್ ಕಾಯುತ್ತದೆ. ಓರೆ ಮಾಡಿ, ಅಗತ್ಯವಿದ್ದಷ್ಟೇ ಎತ್ತಿ, ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಡಿ. ಮುಂದಿನ ಗೇರಿನಿಂದ ಹಿಂದಿನ ಗೇರಿಗೆ ಹೋಗುವಾಗ ಗಾಡಿ ಪೂರ್ತಿ ನಿಲ್ಲಲಿ. ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸಾಯುವುದು ಹಿಮದ ಭಾರದಿಂದಲ್ಲ, ಉರುಳುತ್ತಿರುವಾಗಲೇ ಗೇರು ಬದಲಿಸುವ ಅವಸರದಿಂದ. ಹಿಮ ಎರಡಡಿ ಆಗುವವರೆಗೆ ಕಾಯದೆ ಆರಿಂಚಿಗೊಮ್ಮೆ ಸವರಿ. ಚಳಿಗಾಲದ ಮೊದಲ ಹಿಮವನ್ನು ದಾರಿಯ ಅಂಚಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ತಳ್ಳಿ, ಜನವರಿಯಲ್ಲಿ ಆ ಜಾಗ ಬೇಕಾಗುತ್ತದೆ. ನಿಮ್ಮ ಹಿಮವನ್ನು ರಸ್ತೆ ದಾಟಿಸಿ ಎದುರು ಮನೆಯ ಕಡೆ ಒಟ್ಟುವುದು ಮಿಷಿಗನ್ ಸೇರಿದಂತೆ ಹಲವು ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ, ಎಲ್ಲೆಡೆ ನೆರೆಹೊರೆಗೆ ವಿರುದ್ಧ. ಹಣ ಪಡೆದು ಬೇರೆಯವರ ದಾರಿ ಬಿಡಿಸುವ ಆಲೋಚನೆಯಿದ್ದರೆ ಮೊದಲು ವಿಮೆಯವರನ್ನು ಕೇಳಿ. ಮನೆಬಳಕೆಯ ವಾಹನ ವಿಮೆ ಸಾಮಾನ್ಯವಾಗಿ ಆ ದುಡಿಮೆಗೆ ಅನ್ವಯಿಸುವುದಿಲ್ಲ.

ನನ್ನ ಅಭಿಪ್ರಾಯ ಕೇಳುವವರಿಗೆ ಹೇಳುವುದಿಷ್ಟೇ. ಮುಕ್ಕಾಲು ಟನ್ನಿನ, ಚಾಸಿ ಗಟ್ಟಿಯಿರುವ, ನಾಲ್ಕು ಚಕ್ರ ಚಾಲನೆಯ ಹಳೆಯ ಗಾಡಿಗೆ ಅದರದೇ ಕಾಲದ ಪ್ಲೋ ಪೂರ್ತಿ ಸೆಟ್ಟಾಗಿ ಸಿಕ್ಕರೆ ಕಣ್ಣು ಮುಚ್ಚದೆ, ಕಣ್ಣು ತೆರೆದೇ ಕೊಳ್ಳಿ. ಜೂನ್, ಜುಲೈಯಲ್ಲಿ ಹುಡುಕಿ, ಆಗ ಬೆಲೆಯೂ ಇಳಿದಿರುತ್ತದೆ, ತಂತಿ ಬಿಚ್ಚಿ ಜೋಡಿಸಲು ಬೆರಳುಗಳೂ ಮರಗಟ್ಟಿರುವುದಿಲ್ಲ. ತೂಕದ ಲೆಕ್ಕ ಕೂಡದಿದ್ದರೆ ಒಳ್ಳೆಯದೊಂದು ಸ್ನೋಬ್ಲೋವರ್ ಕೊಳ್ಳಿ, ಇಲ್ಲವೇ ಚಳಿಗಾಲಕ್ಕೆಂದು ಸ್ಥಳೀಯರೊಬ್ಬರನ್ನು ಗೊತ್ತುಮಾಡಿಕೊಳ್ಳಿ. ಅರ್ಧ ಟನ್ ವರ್ಗದ ಗಾಡಿಯ ಮೂತಿಗೆ ಹೊರಲಾರದ್ದನ್ನು ಕಟ್ಟಿ ಅದರ ಆಯಸ್ಸನ್ನೂ ನಿಮ್ಮದನ್ನೂ ಪಣಕ್ಕಿಡಬೇಡಿ.

ಕೊಂಡವರಿಗೆ ಇನ್ನೊಂದು ಕರ್ತವ್ಯವಿದೆ. ಏಪ್ರಿಲ್‌ನಲ್ಲಿ ಉಪ್ಪು ಹೋಗುವಂತೆ ಎಲ್ಲವನ್ನೂ ತೊಳೆದು, ರ‍್ಯಾಮ್‌ಗಳ ಹೊಳೆಯುವ ದಂಡಗಳಿಗೆ ಗ್ರೀಸ್ ಸವರಿ, ವಿದ್ಯುತ್ ತುದಿಗಳಿಗೂ ಹಚ್ಚಿ, ಹಲಗೆಗಳ ಮೇಲೆ ಇಳಿಸಿಡಿ. ಗಾಡಿ ಮುಗಿದ ದಿನ ಪ್ಲೋ ಮಾರಬೇಕಾಗಿ ಬಂದಾಗ ಮೌಂಟನ್ನು ಗುಜರಿಗೂ ತಂತಿಯನ್ನು ಮೂಲೆಗೂ ಎಸೆದು ಬ್ಲೇಡ್ ಮಾತ್ರ ಮಾರಬೇಡಿ. ಬಳಸಿದ ಪ್ಲೋಗಳ ಸಂತೆ ಕಷ್ಟವಾಗಿರುವುದೇ ಹಾಗೆ ಬಿಡಿಬಿಡಿಯಾಗಿ ಚದುರಿಹೋದ ಸೆಟ್ಟುಗಳಿಂದ. ಮೌಂಟ್, ತಂತಿ, ಕಂಟ್ರೋಲರ್, ಬೋಲ್ಟು, ಕೈಪಿಡಿ ಎಲ್ಲವನ್ನೂ ಕೂಡಿಸಿ, ಯಾವ ಗಾಡಿಯದು, ಯಾವ ವರ್ಷದ್ದು ಎಂದು ಒಂದು ಚೀಟಿ ಬರೆದು ಕಟ್ಟಿ ಕೊಡಿ. ಮುಂದಿನವರ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.